ಜಾಮೀನು ಸಿಗದವರ ಸಾಲು ಖಾಲಿ

ಅರ್ಥಶಾಸ್ತ್ರಜ್ಞ ಸೆಂದಿಲ್ ಮುಲ್ಲೈನಾಥನ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಬಡತನದ ಮೇಲಿನ ಕೆಲಸ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವು ಮುಗಿದು ದುಡ್ಡು ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದರೆ, ಅದೇ ರೈತ ಎರಡನೇ ಸಲ ಉತ್ತಮ ಅಂಕ ಪಡೆಯುತ್ತಾನೆ ಎಂದು ತೋರಿಸಿದ 2013ರ ಅಧ್ಯಯನದ ಲೇಖಕರಲ್ಲಿ ಅವರೂ ಒಬ್ಬರು. ಆಮೇಲೆ ಅವರು ಮಷೀನ್ ಲರ್ನಿಂಗ್ ಕಡೆ, ಅಂದರೆ ಹಳೆಯ ದಾಖಲೆಗಳಿಂದ ಕಲಿತು ಮುಂದಿನದನ್ನು ಊಹಿಸುವ ಯಂತ್ರಕಲಿಕೆಯ ಕಡೆ ಹೊರಳಿದ್ದು ದಾರಿ ಬದಲಿಸಿದಂತೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಮನುಷ್ಯ ನಿರ್ಧಾರ ಮಾಡುವಾಗ ಎಲ್ಲಿ ಎಡವುತ್ತಾನೆ ಎಂಬುದು ಹಳೆಯ ಪ್ರಶ್ನೆ. ಅದನ್ನು ಅಳೆಯಲು ಸಿಕ್ಕ ಹೊಸ ಕೋಲು ಈ ಯಂತ್ರಕಲಿಕೆ.

ಇದು ಚೆನ್ನಾಗಿ ಕಾಣುವುದು ಅವರೂ ಇದ್ದ ತಂಡವೊಂದು ನಡೆಸಿದ ನ್ಯೂಯಾರ್ಕ್ ನಗರದ ಜಾಮೀನು ಅಧ್ಯಯನದಲ್ಲಿ. ಬಂಧಿತನನ್ನು ಮೊದಲ ಸಲ ಹಾಜರುಪಡಿಸಿದಾಗ ನ್ಯಾಯಾಧೀಶರ ಕೈಯಲ್ಲಿರುವುದು ಕೆಲವೇ ನಿಮಿಷ. ಅಲ್ಲಿನ ಕಾನೂನಿನಂತೆ ಆಗ ಅವರು ನೋಡಬೇಕಾದದ್ದು ಒಂದೇ: ಬಿಟ್ಟರೆ ಈತ ವಿಚಾರಣೆಗೆ ವಾಪಸ್ ಬರುತ್ತಾನೋ ಇಲ್ಲವೋ. ಇದು ಶುದ್ಧ ಮುನ್ನೋಟದ ಕೆಲಸ, ಹಾಗಾಗಿ ಯಂತ್ರಕ್ಕೆ ಒಗ್ಗುತ್ತದೆ. 2008ರಿಂದ 2013ರವರೆಗಿನ 7,58,027 ಆರೋಪಿಗಳ ದಾಖಲೆ ಇತ್ತು. 73.6% ಮಂದಿಗೆ ಬಿಡುಗಡೆ ಸಿಕ್ಕಿತ್ತು, ಹೊರಹೋದವರಲ್ಲಿ 15.2% ಮಂದಿ ಕೋರ್ಟಿಗೆ ಬರಲಿಲ್ಲ. ವಯಸ್ಸು, ಈಗಿನ ಆರೋಪ, ಹಿಂದಿನ ಪ್ರಕರಣಗಳು, ಹಿಂದೆ ಗೈರಾದ ಲೆಕ್ಕ, ಇವಿಷ್ಟನ್ನು ಕೊಟ್ಟು ಮಾದರಿಯನ್ನು ತರಬೇತಿಗೊಳಿಸಿದರು. ಜನಾಂಗದ ಮಾಹಿತಿಯನ್ನು ಕೊಡಲಿಲ್ಲ.

ಇಲ್ಲಿಯವರೆಗಿನ ಕೆಲಸವನ್ನು ಯಾವ ಡೇಟಾ ವಿಜ್ಞಾನಿಯಾದರೂ ಒಂದು ವಾರದಲ್ಲಿ ಮಾಡಬಹುದು. ತೊಡಕು ಮುಂದಿದೆ. ಜೈಲಿಗೆ ಹೋದವನನ್ನು ಬಿಟ್ಟಿದ್ದರೆ ಆತ ಬರುತ್ತಿದ್ದನೇ? ಆ ಕಾಲಂ ಖಾಲಿ. ಅದನ್ನು ಖಾಲಿ ಮಾಡಿದ್ದು ನ್ಯಾಯಾಧೀಶರ ತೀರ್ಮಾನವೇ. ಖಾಲಿ ಜಾಗದಲ್ಲಿ ಸೊನ್ನೆ ತುಂಬಿದರೆ, ನ್ಯಾಯಾಧೀಶರು ಭಯಪಟ್ಟು ಒಳಗೆ ಹಾಕಿದವರೇ ಅತ್ಯಂತ ಸುರಕ್ಷಿತರು ಎಂದು ಯಂತ್ರ ಕಲಿಯುತ್ತದೆ. ಆ ಸಾಲುಗಳನ್ನು ಅಳಿಸಿಹಾಕಿದರೂ ಸಮಸ್ಯೆ ಪೂರ್ತಿ ಹೋಗದು. ಕಾಗದದ ಮೇಲೆ ಒಂದೇ ರೀತಿ ಇರುವ ಇಬ್ಬರಲ್ಲಿ ಒಬ್ಬನ ಹಿಂದೆ ಮನೆಯವರು ಬಂದು ನಿಂತಿರಬಹುದು. ನ್ಯಾಯಾಧೀಶರು ಅದನ್ನು ಕಂಡು ಅವನನ್ನಷ್ಟೇ ಬಿಟ್ಟಿರಬಹುದು. ಬಿಟ್ಟವನ ಫಲಿತಾಂಶವನ್ನು ಒಳಗಿದ್ದವನಿಗೂ ಅಂಟಿಸಿದರೆ ಮಾದರಿ ಇರುವುದಕ್ಕಿಂತ ಜಾಣನಂತೆ ತೋರುತ್ತದೆ. ಈ ಸಮಸ್ಯೆಗೆಂದೇ ಮೀಸಲಾದ 2017ರ ಪ್ರಬಂಧದ ಮೊದಲ ಲೇಖಕಿ ಹಿಮಬಿಂದು ಲಕ್ಕರಾಜು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು.

ತಂಡ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಪ್ರಕರಣಗಳು ನ್ಯಾಯಾಧೀಶರಿಗೆ ಹಂಚಿಕೆಯಾಗುವುದು ಆ ದಿನದ ಪಾಳಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ, ಹೆಚ್ಚುಕಡಿಮೆ ಲಾಟರಿಯಂತೆ. ಆದ್ದರಿಂದ ಮೃದು ನ್ಯಾಯಾಧೀಶರ ಮುಂದೆ ಬಂದವರೂ ಕಠಿಣ ನ್ಯಾಯಾಧೀಶರ ಮುಂದೆ ಬಂದವರೂ ಒಟ್ಟಾರೆ ಒಂದೇ ಬಗೆಯವರು. ಮೊದಲು ನ್ಯಾಯಾಧೀಶರನ್ನು ಬಿಡುಗಡೆಯ ಪ್ರಮಾಣದಂತೆ ಐದು ಗುಂಪು ಮಾಡಿ. ಅತಿ ಮೃದು ಗುಂಪು ಬಿಟ್ಟವರನ್ನಷ್ಟೇ ತೆಗೆದುಕೊಳ್ಳಿ. ಇವರೆಲ್ಲರ ಫಲಿತಾಂಶ ಗೊತ್ತಿದೆ. ಯಂತ್ರ ಕೊಟ್ಟ ಅಪಾಯದ ಅಂಕದಂತೆ ಮೇಲಿನಿಂದ ಒಬ್ಬೊಬ್ಬರನ್ನೇ ಕಾಗದದ ಮೇಲೆ ಒಳಗೆ ಹಾಕುತ್ತಾ, ಬಿಡುಗಡೆಯ ಪ್ರಮಾಣ ಕಠಿಣ ಗುಂಪಿನಷ್ಟಾದಾಗ ನಿಲ್ಲಿಸಿ. ಉಳಿದವರಲ್ಲಿ ಗೈರಾದವರೆಷ್ಟು ಎಂದು ಎಣಿಸಿ, ಕಠಿಣ ಗುಂಪಿನ ನಿಜವಾದ ಲೆಕ್ಕದ ಪಕ್ಕ ಇಡಿ. ಎಲ್ಲೂ ಖಾಲಿ ಜಾಗ ಊಹಿಸಿ ತುಂಬಬೇಕಿಲ್ಲ. ಒಂದು ಮಿತಿ ಇದೆ: ಇನ್ನಷ್ಟು ಬಿಗಿ ಮಾಡಿದರೆ ಏನಾದೀತು ಎಂದಷ್ಟೇ ಈ ದಾರಿ ಹೇಳುತ್ತದೆ. ಎಲ್ಲರಿಗಿಂತ ಮೃದು ನ್ಯಾಯಾಧೀಶರೂ ಬಿಡದವರ ಬಗ್ಗೆ ಅದಕ್ಕೆ ಮಾತಿಲ್ಲ. ಹಂಚಿಕೆ ಲಾಟರಿಯಂತಿಲ್ಲದಿದ್ದರೆ ಇಡೀ ಲೆಕ್ಕವೇ ಕುಸಿಯುತ್ತದೆ.

ಬ್ಯಾಂಕಿನ ಸಾಲದ ಮಾದರಿ ಕಟ್ಟುವವರೂ ಇದನ್ನು ಗಮನಿಸಬೇಕು. ಸಾಲ ನಿರಾಕರಿಸಿದವರ ಮರುಪಾವತಿ ದಾಖಲೆ ಎಲ್ಲಿಂದ ಬರಬೇಕು? ಯಾವ ಅರ್ಜಿ ಯಾವ ಅಧಿಕಾರಿಯ ಮೇಜಿಗೆ ಹೋಯಿತು ಎಂಬುದನ್ನು ಮೊದಲಿನಿಂದಲೇ ದಾಖಲಿಸಿಟ್ಟರೆ ಇದೇ ಉಪಾಯಕ್ಕೆ ದಾರಿ ಇರುತ್ತದೆ.

ನ್ಯೂಯಾರ್ಕಿನ ಲೆಕ್ಕಾಚಾರದಲ್ಲಿ, ಜೈಲಿಗೆ ಹೋಗುವವರ ಪ್ರಮಾಣ ಅಷ್ಟೇ ಇಟ್ಟುಕೊಂಡು ಗೈರುಹಾಜರಿಯನ್ನು 24.7%ವರೆಗೆ ಇಳಿಸಬಹುದಿತ್ತು, ಇಲ್ಲವೇ ಗೈರುಹಾಜರಿ ಹೆಚ್ಚಿಸದೆ ಜೈಲಿಗೆ ಹೋಗುವವರನ್ನು 41.9%ವರೆಗೆ ಕಡಿಮೆ ಮಾಡಬಹುದಿತ್ತು. ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಅಂಕಿ: ಯಂತ್ರ ಅತಿ ಅಪಾಯ ಎಂದು ಗುರುತಿಸಿದ 1% ಆರೋಪಿಗಳಲ್ಲಿ 48.5% ಮಂದಿಯನ್ನು ನ್ಯಾಯಾಧೀಶರು ಬಿಟ್ಟಿದ್ದರು. ಗೈರುಹಾಜರಿಯನ್ನಲ್ಲ, ನ್ಯಾಯಾಧೀಶರ ತೀರ್ಮಾನವನ್ನೇ ಊಹಿಸುವ ಇನ್ನೊಂದು ಮಾದರಿ ಕಟ್ಟಿದಾಗ, ಆ ನಕಲು ನ್ಯಾಯಾಧೀಶ ಅಸಲಿಗಿಂತ ಚೆನ್ನಾಗಿ ಕೆಲಸ ಮಾಡಿತು. ಕಡತದಲ್ಲಿಲ್ಲದ ಏನನ್ನೋ ನೋಡಿ ನ್ಯಾಯಾಧೀಶರು ತಮ್ಮದೇ ರೂಢಿಯಿಂದ ಆಚೀಚೆ ಸರಿದಾಗ, ಒಟ್ಟಿನಲ್ಲಿ ಆ ಸರಿಯುವಿಕೆ ಸುಳಿವಿಗಿಂತ ಗದ್ದಲವೇ ಆಗಿತ್ತು. ಮನುಷ್ಯ ನಿಜದಲ್ಲಿ ಹೇಗೆ ನಿರ್ಧರಿಸುತ್ತಾನೆ ಎಂದು ನೋಡುವ ವರ್ತನಾ ಅರ್ಥಶಾಸ್ತ್ರ ಇಲ್ಲಿ ಸಿಗುತ್ತದೆ.

ಹಾಗೆಂದು ಯಂತ್ರವನ್ನು ನಂಬಿ ಕೂರುವಂತಿಲ್ಲ. 2019ರಲ್ಲಿ ಜಿಯಾದ್ ಓಬರ್ಮೇಯರ್ ಮತ್ತಿತರರ ಜೊತೆ ಮುಲ್ಲೈನಾಥನ್ ಪರಿಶೀಲಿಸಿದ್ದು, ಹೆಚ್ಚುವರಿ ಆರೈಕೆ ಬೇಕಾದ ರೋಗಿಗಳನ್ನು ಆರಿಸಲು ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ಮಾದರಿಯೊಂದನ್ನು. ಅದು ಊಹಿಸುತ್ತಿದ್ದದ್ದು ಕಾಯಿಲೆಯನ್ನಲ್ಲ, ಮುಂದಿನ ವೈದ್ಯಕೀಯ ಖರ್ಚನ್ನು. ಅಷ್ಟೇ ಕಾಯಿಲೆ ಇದ್ದರೂ ಕಪ್ಪು ಜನರಿಗೆ ಆಗುತ್ತಿದ್ದ ಖರ್ಚು ಕಡಿಮೆ, ಏಕೆಂದರೆ ಅವರಿಗೆ ಸಿಗುತ್ತಿದ್ದ ಚಿಕಿತ್ಸೆಯೇ ಕಡಿಮೆ. ಖರ್ಚಿನ ಮಟ್ಟಿಗೆ ಊಹೆ ಕರಾರುವಾಕ್ಕಾಗಿತ್ತು, ಪ್ರಶ್ನೆಯೇ ತಪ್ಪಾಗಿತ್ತು. ಈ ಅಂತರ ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಕಪ್ಪು ರೋಗಿಗಳ ಪಾಲು 17.7%ರಿಂದ 46.5%ಕ್ಕೆ ಏರುತ್ತಿತ್ತು. ಮಾದರಿ ತಯಾರಿಸಿದ ಕಂಪನಿಯೊಂದಿಗೇ ಕೂತು, ಖರ್ಚಿನ ಜೊತೆ ಆರೋಗ್ಯವನ್ನೂ ಸೇರಿಸಿದ ಹೊಸ ಅಳತೆಯನ್ನು ಊಹಿಸುವಂತೆ ಬದಲಿಸಿದಾಗ ಪಕ್ಷಪಾತ 84% ಇಳಿಯಿತು.