ಬ್ಯಾಟರಿ ತುಂಬಿದ ಮೇಲಿನ ಬಿಸಿಲು

ಪಾಂಡವಪುರದ ಕಡೆಯ ನಮ್ಮ ತೋಟದ ಮನೆಗೆ ಕಂಬದ ಲೈನ್ ಇಲ್ಲ. ಚಾವಣಿಯ ಮೇಲೆ 330 ವ್ಯಾಟಿನ ಎರಡು ಪ್ಯಾನೆಲ್, ಒಳಗೆ ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿದ 150 ಎ.ಎಚ್.ನ (ಆಂಪಿಯರ್-ಅವರ್) ಎರಡು ಟ್ಯೂಬುಲರ್ ಬ್ಯಾಟರಿ, ಪ್ಯಾನೆಲ್ಲಿನ ವಿದ್ಯುತ್ತನ್ನು ಹದವರಿತು ಬ್ಯಾಟರಿಗೆ ತುಂಬುವ ಒಂದು ಎಂಪಿಪಿಟಿ ಚಾರ್ಜ್ ಕಂಟ್ರೋಲರ್, ಇಷ್ಟರಲ್ಲಿಯೇ ದೀಪ, ಫ್ಯಾನು, ಟಿ.ವಿ. ಎಲ್ಲವೂ ನಡೆಯುತ್ತವೆ. ರಾತ್ರಿ ಖರ್ಚಾಗುವುದು ಹೆಚ್ಚೆಂದರೆ ಒಂದು ಯೂನಿಟ್. ಬೇಸಿಗೆಯ ಬಿಸಿಲು ಕೊಡಬಲ್ಲದ್ದು ಎರಡು ಯೂನಿಟ್‌ಗೂ ಮೇಲೆ. ಹೀಗಾಗಿ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಬ್ಯಾಟರಿ ತುಂಬಿ, ಕಂಟ್ರೋಲರ್ 27.2 ವೋಲ್ಟಿನ ಫ್ಲೋಟ್ ಹಂತಕ್ಕೆ, ಅಂದರೆ ತುಂಬಿದ ಬ್ಯಾಟರಿಯನ್ನು ಹಾಗೆಯೇ ಕಾಯ್ದಿಡುವ ಹಂತಕ್ಕೆ, ಇಳಿಯುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಆಗ ಪ್ಯಾನೆಲ್‌ಗಳಿಂದ ಬ್ಯಾಟರಿಗೆ ಹರಿಯುವುದು ಒಂದೆರಡು ಆಂಪಿಯರ್ ಮಾತ್ರ. ಮೈಸೂರಿನಲ್ಲಿ ನೆಟ್ ಮೀಟರ್ ಹಾಕಿಸಿಕೊಂಡ ಮನೆಗಳಲ್ಲಿ ಉಳಿದ ವಿದ್ಯುತ್ತು ಚೆಸ್ಕಾಂ ಲೈನಿಗೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ಹೋಗಲು ದಾರಿಯೇ ಇಲ್ಲ.

ಆ ಉಳಿಕೆಗೆ ಒಂದು ಕೆಲಸ ಕೊಡುವ ಏರ್ಪಾಡನ್ನೇ ಡಂಪ್ ಲೋಡ್ ಎನ್ನುತ್ತಾರೆ. ಇದರ ಅಗತ್ಯ ಮೊದಲು ಕಂಡದ್ದು ತಿರುಗುವ ಯಂತ್ರಗಳಲ್ಲಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ನಮ್ಮ ಜಿಲ್ಲೆಯ ಶಿವನಸಮುದ್ರದಂಥ ಕೇಂದ್ರದಲ್ಲಿ ಲೋಡ್, ಅಂದರೆ ವಿದ್ಯುತ್ತಿನ ಬಳಕೆ, ಇದ್ದಕ್ಕಿದ್ದಂತೆ ತಪ್ಪಿದರೆ ಟರ್ಬೈನಿನ ವೇಗ ಏರತೊಡಗುತ್ತದೆ. ಗವರ್ನರ್ ನೀರಿನ ದಾರಿಯನ್ನು ಕಿರಿದು ಮಾಡಿ ಅದನ್ನು ಹಿಡಿಯಬೇಕು. ಗಾಳಿಯನ್ನು ಹಾಗೆ ಮುಚ್ಚಲಾಗುವುದಿಲ್ಲವಾದ್ದರಿಂದ ಸಣ್ಣ ಗಾಳಿಯಂತ್ರಗಳಿಗೆ ಸಾಮಾನ್ಯವಾಗಿ ಡಂಪ್ ಲೋಡ್ ಕಟ್ಟಿರುತ್ತಾರೆ. ಸೌರ ಪ್ಯಾನೆಲ್‌ಗೆ ಈ ಅಪಾಯವಿಲ್ಲ. ಲೋಡ್ ಇಲ್ಲದಿದ್ದರೆ ಅದು ತುಸು ಹೆಚ್ಚು ಬಿಸಿಯಾಗಿ ಸುಮ್ಮನಿರುತ್ತದೆ, ಅಷ್ಟೇ. ಆದ್ದರಿಂದ ನಾವು ಮಾಡಿಕೊಂಡದ್ದು ರಕ್ಷಣೆಗಾಗಿ ಅಲ್ಲ, ಬಿಸಿಲು ಹಾಳಾಗಬಾರದೆಂಬ ಆಸೆಗಾಗಿ.

ಕೆಲಸ ಯಾವುದೆಂದು ಆರಿಸುವಾಗ ಮೊದಲು ಹೊಳೆದದ್ದು ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವುದು. ಲೆಕ್ಕ ಹಾಕಿ ನೋಡಿದಾಗ ಅದು ಉಳಿಕೆಯ ಒಂದು ಮೂಲೆಯನ್ನೂ ತಿನ್ನುವುದಿಲ್ಲವೆಂದು ತಿಳಿಯಿತು. ಒಂದು ಲೀಟರ್ ನೀರನ್ನು 1 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವ ಶಕ್ತಿಯಿಂದ ಅದೇ ನೀರನ್ನು ಸುಮಾರು 427 ಮೀಟರ್ ಮೇಲಕ್ಕೆತ್ತಬಹುದು. ಮೈಸೂರು ನಗರದಿಂದ ಚಾಮುಂಡಿ ಬೆಟ್ಟದ ತುದಿಗೂ ಅಷ್ಟು ಎತ್ತರವಿಲ್ಲ. ಹಾಗಾಗಿ ಸ್ನಾನದ ನೀರು ಕಾಯಿಸುವುದೇ ಸರಿ ಎನಿಸಿತು. ಒಂದು ಯೂನಿಟ್ ವಿದ್ಯುತ್ತು 25 ಲೀಟರ್ ನೀರಿನ ಬಿಸಿಯನ್ನು ಸುಮಾರು 34 ಡಿಗ್ರಿ ಏರಿಸುತ್ತದೆ, ನಮ್ಮಲ್ಲಿ ಉಳಿಯುತ್ತಿದ್ದುದೂ ಹೆಚ್ಚುಕಡಿಮೆ ಅಷ್ಟೇ.

ಹಳೆಯ 25 ಲೀಟರಿನ ಗೀಸರ್ ಟ್ಯಾಂಕನ್ನು ಅದರಲ್ಲಿದ್ದ 230 ವೋಲ್ಟಿನ, 1000 ವ್ಯಾಟಿನ ಕಾಯಿಲ್ ಸಮೇತ ನೇರವಾಗಿ ಬ್ಯಾಟರಿಗೆ ಜೋಡಿಸಿದ್ದು ಮೊದಲ ತಪ್ಪು. ಆ ಕಾಯಿಲ್‌ನ ರೆಸಿಸ್ಟೆನ್ಸ್ ಸುಮಾರು 53 ಓಮ್, 27.2 ವೋಲ್ಟಿನಲ್ಲಿ ಅದು ಎಳೆಯುವುದು 14 ವ್ಯಾಟ್ ಮಾತ್ರ, ನೀರು ಗಂಟೆಗೆ ಅರ್ಧ ಡಿಗ್ರಿಯೂ ಏರುವುದಿಲ್ಲ. ಆಮೇಲೆ 24 ವೋಲ್ಟಿಗೇ ಮಾಡಿದ 300 ವ್ಯಾಟಿನ ಕಾಯಿಲ್ ತರಿಸಿದೆ. ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ 27.2 ವೋಲ್ಟಿನಲ್ಲಿ ಅದು 385 ವ್ಯಾಟ್, ಅಂದರೆ 14 ಆಂಪಿಯರ್ ತೆಗೆದುಕೊಳ್ಳುತ್ತದೆ. ಅದಕ್ಕೆ 6 ಚದರ ಮಿ.ಮೀ. ತಾಮ್ರದ ವೈರು ಎಳೆದು, ಬ್ಯಾಟರಿಯ ಬುಡದಲ್ಲಿಯೇ 25 ಆಂಪಿಯರ್ ಫ್ಯೂಸ್ ಹಾಕಿದ್ದೇನೆ.

ಎರಡನೆಯ ಪಾಠವನ್ನು, ನೀರು ಬೇಕಾದಷ್ಟು ಕಾದೊಡನೆ ಕರೆಂಟು ಕಡಿಯುವ ಥರ್ಮೋಸ್ಟಾಟ್ ಕಲಿಸಿತು. ಗೀಸರಿನ ಥರ್ಮೋಸ್ಟಾಟ್ ಎ.ಸಿ.ಗೆ, ಅಂದರೆ ಕಂಬದ ಲೈನಿನ ಕರೆಂಟಿಗೆ, ಮಾಡಿದ್ದು; ಬ್ಯಾಟರಿಯದು ಡಿ.ಸಿ. ಎ.ಸಿ. ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಾಂಟ್ಯಾಕ್ಟ್ ಬಿಡಿಸಿಕೊಳ್ಳುವಾಗ ಹುಟ್ಟುವ ಕಿಡಿ ತಾನಾಗಿ ಆರುತ್ತದೆ, ಡಿ.ಸಿ.ಯಲ್ಲಿ ಅದು ಆರದೆ ಎಳೆದುಕೊಳ್ಳುತ್ತದೆ. ಒಂದು ದಿನ ಬಿಚ್ಚಿ ನೋಡಿದಾಗ ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿ, ಅಂಚು ಕರಗಿ, ಅಂಟಿಕೊಳ್ಳುವ ಹಂತಕ್ಕೆ ಬಂದಿತ್ತು. ಅಂಟಿಕೊಂಡಿದ್ದರೆ ನೀರು ಕುದಿಯುತ್ತಲೇ ಇರುತ್ತಿತ್ತು. ಈ ಒಂದು ವಿಷಯದಲ್ಲಿ ಯಾರೂ ಉದಾಸೀನ ಮಾಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಈಗ ಭಾರವನ್ನು ಹೊರುವುದು ಲಾರಿಗೆ ಹಾಕುವ 24 ವೋಲ್ಟಿನ ರಿಲೇ, ಅಂದರೆ ಚಿಕ್ಕ ಕರೆಂಟಿನಿಂದ ಎಳೆದು ದೊಡ್ಡ ಕರೆಂಟನ್ನು ಹಾಕುವ ಸ್ವಿಚ್ಚು. ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಥರ್ಮೋಸ್ಟಾಟ್ ಆ ರಿಲೇಯ ಕಾಯಿಲ್‌ಗೆ ಹೋಗುವ ಚಿಕ್ಕ ಕರೆಂಟನ್ನು ಮಾತ್ರ ಕಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ರಿಲೇ ಯಾವಾಗ ಎಳೆಯಬೇಕು ಎಂಬುದು. ಮೊದಲು ನಾನು 27.4 ವೋಲ್ಟ್ ಮುಟ್ಟಿದೊಡನೆ ಎಳೆಯುವಂತೆ ಇಟ್ಟಿದ್ದೆ. ಬೆಳಿಗ್ಗೆ ಹತ್ತಕ್ಕೇ ನೀರು ಕಾಯತೊಡಗಿತು, ಮನೆಯವರಿಗೂ ಸಂತೋಷವಾಯಿತು. ತಿಂಗಳೊಪ್ಪತ್ತಿನಲ್ಲಿ ಬ್ಯಾಟರಿಯ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿದರೆ ಕೆಲವು ಸೆಲ್‌ಗಳಲ್ಲಿ 1.220ರಷ್ಟೇ ತೋರಿಸಿತು, ಅಂದರೆ ಅವು ಪೂರ್ತಿ ತುಂಬಿರಲಿಲ್ಲ. ಲೆಡ್-ಆಸಿಡ್ ಬ್ಯಾಟರಿ 28.8 ವೋಲ್ಟಿನ ಆಸುಪಾಸಿನಲ್ಲಿ ಕೆಲವು ಗಂಟೆ ನಿಂತರೆ ಮಾತ್ರ ಪೂರ್ತಿ ತುಂಬುತ್ತದೆ. ಅದಕ್ಕೆ ಬಿಡದೆ ನಾನು ಅದರ ತಟ್ಟೆಯಿಂದಲೇ ಅನ್ನ ಎತ್ತಿ ಟ್ಯಾಂಕಿಗೆ ಬಡಿಸಿದ್ದೆ. ದಿನವೂ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಹೊಸ ಬ್ಯಾಟರಿಯ ಬೆಲೆಯ ಮುಂದೆ ಬಿಸಿನೀರಿನ ಉಳಿತಾಯ ಏನೂ ಅಲ್ಲ. ಈಗ 28.4 ವೋಲ್ಟಿನ ಮೇಲೆ ಎರಡು ಗಂಟೆ ಕಳೆದ ನಂತರವೇ ರಿಲೇಗೆ ಅಪ್ಪಣೆ. ಮೋಡ ಬಂದು 26.2ಕ್ಕೆ ಇಳಿದರೆ ಅದು ಬಿಟ್ಟುಬಿಡುತ್ತದೆ, 27 ದಾಟಿದ ಮೇಲೆ ಮತ್ತೆ ಎಳೆಯುತ್ತದೆ. ಈ ಅಂತರ ಇಡದಿದ್ದರೆ ರಿಲೇ ಟಕಟಕನೆ ಬಡಿದುಕೊಳ್ಳುತ್ತಲೇ ಇರುತ್ತದೆ. ಸಂಜೆ ನಾಲ್ಕರ ನಂತರ ಟೈಮರ್ ಅದನ್ನು ಪೂರ್ತಿ ಬಂದ್ ಮಾಡುತ್ತದೆ.

ಹೀಗೆ ಸರಿಪಡಿಸಿದ ವಾರ, ಸಂಜೆ ನಲ್ಲಿ ತಿರುಗಿಸಿದ ಅವ್ವ ಬಕೆಟ್ಟಿಗೆ ಕೈ ಅದ್ದಿ, "ಒಲೆ ಹಚ್ಚ್‌ನಿಲ್ವಲ್ಲ ಮಗ, ಎಂಗ್ ಕಾದದೆ ನೀರು?" ಎಂದು ಕೇಳಿದರು. ಅಲ್ಲಿಯವರೆಗೆ ದಿನವೂ ತೆಂಗಿನ ಗರಿ, ಮಟ್ಟೆ ಒಟ್ಟಿ, ಹೊಗೆಯಲ್ಲಿ ಕಣ್ಣೊರೆಸಿಕೊಂಡು ಬಚ್ಚಲ ಒಲೆ ಊದುತ್ತಿದ್ದವರು ಅವರೇ. ಟ್ಯಾಂಕ್ 60 ಡಿಗ್ರಿ ಮುಟ್ಟಿದ ದಿನ ತಣ್ಣೀರು ಬೆರೆಸಿಕೊಂಡರೆ ಇಬ್ಬರ ಸ್ನಾನ ನೆಮ್ಮದಿಯಾಗಿ ಮುಗಿಯುತ್ತದೆ.

ಆಷಾಢದ ಮೋಡದಲ್ಲಿ ಮಾತ್ರ ಬ್ಯಾಟರಿ ತುಂಬುವುದೇ ಸಂಜೆಯಾಗುತ್ತದೆ, ಕೆಲವು ದಿನ ಅದೂ ಇಲ್ಲ. ಆಗ ರಿಲೇ ಎಳೆಯುವುದಿಲ್ಲ, ಎಳೆಯಲೂ ಕೂಡದು. ಅದಕ್ಕೆಂದೇ ಬಚ್ಚಲ ಒಲೆಯನ್ನು ಕೆಡವಿಸಿಲ್ಲ, ಒಣಗಿದ ಗರಿಗಳನ್ನು ಮಳೆ ಹಿಡಿಯುವ ಮೊದಲೇ ಕೊಟ್ಟಿಗೆಯ ಮೇಲೆ ಒಟ್ಟಿಡುತ್ತೇವೆ.