ಫುಕೆಟ್‌ನಲ್ಲಿ ಯಾಟ್ ಬಾಡಿಗೆ: ಗಾಳಿಗಿಂತ ಪಕ್ಕದ ದೋಣಿಯದೇ ಚಿಂತೆ

ಬೆಂಗಳೂರಿನಿಂದ ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಹೋಗಿ, ಯಾಟ್ ಎಂಬ ಹಾಯಿದೋಣಿ ಬಾಡಿಗೆ ಹಿಡಿದು, ಪಕ್ಕದ ಫಾಂಗ್ ನ್ಗಾ ಕೊಲ್ಲಿಯಲ್ಲಿ ನಾಲ್ಕೈದು ರಾತ್ರಿ ಕಳೆಯಬೇಕು ಅಂದುಕೊಂಡವರಿಗೆ ಈ ಬರಹ. ಟಿಕೆಟ್ಟು, ಹವಾಮಾನ, ನೋಡಬೇಕಾದ ಜಾಗಗಳ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಯಾರೂ ಮೊದಲೇ ಹೇಳದ ವಿಷಯ ಬೇರೆ ಇದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಆ ಕೊಲ್ಲಿಯಲ್ಲಿ ಸಮುದ್ರ ಕಾಟ ಕೊಡುವುದು ಕಡಿಮೆ. ಸಂಜೆ ಐದೂವರೆಗೆ ಬಂದು, ನಿಮ್ಮ ಮುಂದೆಯೇ ಲಂಗರು ಇಳಿಸಿ, ಹದಿನೈದು ಮೀಟರ್ ಸರಪಳಿ ಬಿಟ್ಟು ಊಟಕ್ಕೆ ಕೂರುವ ದೋಣಿಯವರು ಕೊಡುವ ಕಾಟವೇ ದೊಡ್ಡದು. ರಾತ್ರಿ ಎರಡಕ್ಕೆ ಉಬ್ಬರವಿಳಿತದ ಜೊತೆ ನೀರಿನ ಸೆಳೆತ ತಿರುಗಿದಾಗ ಆ ದೋಣಿ ನಿಮ್ಮ ಮೇಲೆ ಬರುತ್ತದೆ.

ಹೀಗಾಗಲು ಕಾರಣವಿದೆ. ಕೆಲವು ಬಾಡಿಗೆ ಕಂಪನಿಗಳು ನಿಮ್ಮ ಅನುಭವದ ವಿವರ ಬರೆಸಿಕೊಂಡು ದೋಣಿಯ ಕೀಲಿ ಕೊಟ್ಟುಬಿಡುತ್ತವೆ. ಹಲಸೂರು ಕೆರೆಯಂಥ ಕಡೆ ಡಿಂಗಿ ಎಂಬ ಪುಟ್ಟ ದೋಣಿ ನಡೆಸಲು ಕಲಿತವರಿಗೆ ಹಾಯಿ ಬಿಗಿಯುವುದು, ಗಾಳಿ ಓದುವುದು ಚೆನ್ನಾಗಿಯೇ ಬರುತ್ತದೆ. ಆದರೆ ಡಿಂಗಿಯಲ್ಲಿ ಲಂಗರು ಹಾಕಿ ರಾತ್ರಿ ಮಲಗುವ ಪ್ರಸಂಗವೇ ಬರುವುದಿಲ್ಲವಲ್ಲ. ಹಾಗಾಗಿ ಲಂಗರು ಹಾಕುವುದನ್ನು ಮೊದಲ ಸಲ ಮಾಡುವವರು ಕಿಕ್ಕಿರಿದ ಕೊಲ್ಲಿಯಲ್ಲೇ ಮಾಡುತ್ತಾರೆ. ನಿಮ್ಮ ಗುಂಪಿನಲ್ಲಿ ಯಾರಿಗೂ ಆ ಅಭ್ಯಾಸ ಇಲ್ಲದಿದ್ದರೆ ಮೊದಲ ಎರಡು ದಿನಕ್ಕಾದರೂ ದೋಣಿ ನಡೆಸುವ ಅಲ್ಲಿನ ಒಬ್ಬ ಸ್ಕಿಪ್ಪರ್ ಇಟ್ಟುಕೊಳ್ಳಿ. ಉಳಿತಾಯ ಮಾಡಲು ಬೇರೆ ಜಾಗ ಇದೆ.

ಆ ಬೇರೆ ಜಾಗ ಅಂದರೆ ಹೊರಡುವ ಹಿಂದಿನ ರಾತ್ರಿಯ ಕೋಣೆ. ಯಾಟ್‌ಗಳು ಹೊರಡುವ ಮರೀನಾಗಳು ಹೆಚ್ಚಾಗಿ ದ್ವೀಪದ ಪೂರ್ವ ದಿಕ್ಕಿನಲ್ಲಿ, ಊರಿನಿಂದ ದೂರ ಇವೆ. ಬೆಳಿಗ್ಗೆ ಅನುಕೂಲ ಎಂದು ಅಲ್ಲೇ ಪಕ್ಕದಲ್ಲಿ ಕೋಣೆ ಹಿಡಿದರೆ ಊರೊಳಗಿನ ಕೋಣೆಗಿಂತ ಹೆಚ್ಚು ದುಡ್ಡು ಬೀಳಬಹುದು, ಕಿಟಕಿಯ ಹೊರಗೆ ದೋಣಿ ರಿಪೇರಿಯ ಅಂಗಳ ಇರಬಹುದು, ನಡೆದು ಹೋಗುವಷ್ಟು ದೂರದಲ್ಲಿ ಊಟಕ್ಕೆ ಆಯ್ಕೆ ಕಡಿಮೆ. ಊಟಕ್ಕೆ ಟ್ಯಾಕ್ಸಿ ಹಿಡಿದರೆ ಅದರ ಲೆಕ್ಕ ಬೇರೆ. ಫುಕೆಟ್ ಟೌನಿನ ಹಳೇ ಬೀದಿಗಳಲ್ಲಿ ಉಳಿದುಕೊಳ್ಳಿ.

ಅಲ್ಲಿ ಉಳಿದರೆ ರಾನೊಂಗ್ ರಸ್ತೆಯ ಸಸ್ಯಾಹಾರಿ ಅಂಗಡಿಗಳು ಸಿಗುತ್ತವೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಏಕೆಂದರೆ ನಮ್ಮವರು ಥಾಯ್ಲೆಂಡಿಗೆ ಎಂಟಿಆರ್ ಪೊಟ್ಟಣ ತುಂಬಿಕೊಂಡು ಹೋಗಿ ಆ ಊರಿನ ಊಟ ತಿನ್ನದೆ ಬರುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ 17 ಅಂಕಿಯ ಹಾಗೆ ಕಾಣುವ ಎರಡು ಅಕ್ಷರ ಇರುತ್ತದೆ. ಅದು ಅಂಕಿಯಲ್ಲ, ‘ಜೇ’ ಎಂಬ ಥಾಯ್ ಪದ. ಆ ಬಾವುಟ ಇದ್ದ ಕಡೆ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಅಡುಗೆಯ ಕಟ್ಟುನಿಟ್ಟೇ ಅಲ್ಲೂ ಇದೆ. ಉದ್ದನೆಯ ಮೇಜಿನ ಮೇಲೆ ಹತ್ತು ಹನ್ನೆರಡು ತಟ್ಟೆ ಇಟ್ಟಿರುತ್ತಾರೆ: ಕಾಯಿಹಾಲಿನ ಹಸಿರು ಸಾರು, ಹುರುಳಿಕಾಯಿ ಪಲ್ಯ, ಶುಂಠಿ ಹಾಕಿದ ಅಣಬೆ, ಹುರಿದ ತೋಫು. ಬೆರಳು ತೋರಿಸಿದರೆ ಬಿಸಿ ಅನ್ನದ ಮೇಲೆ ಹಾಕಿಕೊಡುತ್ತಾರೆ. ಅನ್ನ, ಎರಡು ಪದಾರ್ಥ, 50 ಬಾತ್ ಆಸುಪಾಸು. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ತಟ್ಟೆಗಳು ಖಾಲಿ. ಬೇರೆ ಹೋಟೆಲುಗಳಲ್ಲಿ ‘ವೆಜ್’ ಅಂದರೂ ಮೀನಿನ ಸಾಸ್ ಬೀಳುವ ಸಾಧ್ಯತೆ ಹೆಚ್ಚು; ‘ಜೇ’ ಅಂದರೆ ಅಡುಗೆಯವರಿಗೆ ಪೂರ್ತಿ ಅರ್ಥವಾಗುತ್ತದೆ. ಮೊದಲ ದಿನದ ಮಧ್ಯಾಹ್ನಕ್ಕೆ ಕಟ್ಟಿಸಿಕೊಂಡು ದೋಣಿಗೂ ಒಯ್ಯಬಹುದು.

ಈಗ ದೋಣಿ ವಹಿಸಿಕೊಳ್ಳುವ ವಿಷಯ. ಕಂಪನಿಯವರು ಏಸಿ, ಫ್ರಿಜ್, ಟಾಯ್ಲೆಟ್ ತೋರಿಸಲು ಒಂದು ಗಂಟೆ ತೆಗೆದುಕೊಂಡು ಲಂಗರಿಗೆ ಐದು ನಿಮಿಷ ಕೊಡುತ್ತಾರೆ. ನೀವು ಅದನ್ನು ತಿರುವುಮುರುವು ಮಾಡಿ. ಸರಪಳಿ ಪೂರ್ತಿ ಹೊರಗೆ ಎಳೆಸಿ ಅಳೆಯಿರಿ. ಒಂದು ದೋಣಿಯಲ್ಲಿ ಐವತ್ತು ಮೀಟರ್ ಎಂದು ಬರೆದುಕೊಟ್ಟಿದ್ದು ಅಳೆದಾಗ ಮೂವತ್ತೆಂಟಾಗಿತ್ತು, ಉಳಿದದ್ದು ಹಗ್ಗ. ಗುರುತಿನ ಬಣ್ಣ ಎಂದೋ ಅಳಿಸಿಹೋಗಿತ್ತು. ಎಸ್.ಪಿ. ರೋಡಿನಲ್ಲಿ ಸಿಗುವ ಬಣ್ಣದ ಕೇಬಲ್ ಟೈ ಒಂದು ಕಟ್ಟು ಬೆಂಗಳೂರಿನಿಂದಲೇ ಒಯ್ಯಿರಿ. 10 ಮೀಟರಿಗೆ ಒಂದು, 20ಕ್ಕೆ ಎರಡು, 30ಕ್ಕೆ ಮೂರು ಕಟ್ಟಿ ಬಾಲ ಕತ್ತರಿಸಿ. ಸರಪಳಿ ಎಳೆಯುವ ವಿಂಡ್ಲಾಸ್ ಚಕ್ರದಲ್ಲಿ ಅವು ಸಿಕ್ಕಿಕೊಳ್ಳದೆ ದಾಟುತ್ತವೆ. ವಿಂಡ್ಲಾಸಿನ ಕರೆಂಟು ಕಡಿಯುವ ಬ್ರೇಕರ್ ಎಲ್ಲಿದೆ ಎಂದು ಕೈಯಿಟ್ಟು ನೋಡಿಕೊಳ್ಳಿ. ಇಂಜಿನ್ನಿನಿಂದ ದೋಣಿಯನ್ನು ಮುಂದೆ ತರದೆ ವಿಂಡ್ಲಾಸಿನ ಬಲದಲ್ಲೇ ದೋಣಿ ಎಳೆಯಲು ಹೋದರೆ ಬ್ರೇಕರ್ ಬೀಳುತ್ತದೆ. ಅವಸರದಲ್ಲಿ ಹೊರಡಬೇಕಾದಾಗಲೇ ಜನ ಈ ತಪ್ಪು ಮಾಡುವುದು. ಆಳದ ಮೀಟರು ನೀರಿನ ಮೇಲ್ಮೈಯಿಂದ ಲೆಕ್ಕ ತೋರಿಸುತ್ತದೋ ದೋಣಿಯ ತಳದಿಂದಲೋ, ಅದನ್ನೂ ಕೇಳಿ. ಒಂದು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುತ್ತದೆ.

ಲಂಗರು ಹಾಕಿದ ದೋಣಿಯನ್ನು ಗಾಂಧಿ ಬಜಾರಿನಲ್ಲಿ ನಿಲ್ಲಿಸಿದ ಕಾರಿನ ಹಾಗೆ ಭಾವಿಸಬೇಡಿ. ಗೂಟಕ್ಕೆ ಕಟ್ಟಿದ ಹಸು ಅಂದುಕೊಳ್ಳಿ. ಹಗ್ಗ ಎಷ್ಟು ಉದ್ದವೋ ಅಷ್ಟು ದೊಡ್ಡ ವೃತ್ತದಲ್ಲಿ ಮೇಯುತ್ತದೆ. ಎಲ್ಲರ ಹಗ್ಗವೂ ಒಂದೇ ಉದ್ದವಾಗಿದ್ದು ಎಲ್ಲ ಹಸುಗಳೂ ಒಟ್ಟಿಗೆ ಒಂದೇ ಕಡೆ ತಿರುಗಿದರೆ ವೃತ್ತಗಳು ಒಂದರ ಮೇಲೊಂದು ಬಂದರೂ ತೊಂದರೆಯಿಲ್ಲ. ಒಬ್ಬರದು 15 ಮೀಟರ್, ಇನ್ನೊಬ್ಬರದು 40 ಆದಾಗ ಡಿಕ್ಕಿ.

ಉದ್ದದ ಲೆಕ್ಕ ಹೀಗೆ. ಇಳಿತದ ಹೊತ್ತಿನಲ್ಲಿ ಆಳ 4 ಮೀಟರ್ ಇದೆ ಅನ್ನಿ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಅಲ್ಲಿ ನೀರು ಎರಡೂವರೆ ಮೀಟರ್ ಏರಬಹುದು. ಸರಪಳಿ ಹೊರಬೀಳುವ ರೋಲರ್ ನೀರಿನಿಂದ ಒಂದೂವರೆ ಮೀಟರ್ ಮೇಲಿದೆ. ಒಟ್ಟು 8. ಅದರ ಐದರಷ್ಟು, ಅಂದರೆ 40 ಮೀಟರ್ ಸರಪಳಿ ಬೇಕು. ಹೊಸಬರು ಆಳದ ಮೀಟರು ತೋರಿಸಿದ 4ನ್ನು ಮಾತ್ರ ನೋಡಿ 15 ಬಿಡುತ್ತಾರೆ. ಉಬ್ಬರ ಬಂದಾಗ 8 ಮೀಟರಿಗೆ 15 ಮೀಟರ್, ಎರಡರಷ್ಟೂ ಆಗಲಿಲ್ಲ. ಸರಪಳಿ ನೆಲದ ಮೇಲೆ ಮಲಗುವ ಬದಲು ಮೇಲಕ್ಕೆ ಜಗ್ಗುತ್ತದೆ, ಲಂಗರು ಕೆಸರಿನಿಂದ ಕಿತ್ತು ಜಾರುತ್ತದೆ. 38 ಮೀಟರ್ ಸರಪಳಿಯವರು ಹುಣ್ಣಿಮೆ ವಾರದಲ್ಲಿ ಇಳಿತದ ಆಳ ಮೂರೂವರೆ ಇರುವ ಕಡೆಯೇ ನಿಲ್ಲಬೇಕು. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಪಂಚಾಂಗ ತೆಗೆದು ಅಷ್ಟಮಿಯ ವಾರ ಆರಿಸಿ. ಏರಿಳಿತ ಬಹಳ ಕಡಿಮೆ, ಸೆಳೆತವೂ ಕಡಿಮೆ, ಪಕ್ಕದವರ ತಪ್ಪಿಗೂ ಅಷ್ಟು ದೊಡ್ಡ ಬೆಲೆ ಇರುವುದಿಲ್ಲ.

ಇಬ್ಬರೂ ಸರಿಯಾಗಿ ಲಂಗರು ಹಾಕಿದ್ದರೂ ಡಿಕ್ಕಿಯಾಗುವ ಬಗೆ ಇನ್ನೊಂದಿದೆ, ಈ ಕೊಲ್ಲಿಯಲ್ಲಿ ಅದು ಮಾಮೂಲಿ. ಎರಡು ಒಡಲಿನ ಕ್ಯಾಟಮರಾನ್ ನೀರಿನೊಳಗೆ ಹೆಚ್ಚು ಇಳಿದಿರುವುದಿಲ್ಲ, ಮೇಲೆ ಎತ್ತರ. ಅದು ಗಾಳಿಯ ಮಾತು ಕೇಳುತ್ತದೆ. ಒಂದೇ ಒಡಲಿನ ಯಾಟ್‌ಗೆ ಎರಡು ಮೀಟರ್‌ವರೆಗೂ ಕೀಲ್ ಎಂಬ ತಳದ ರೆಕ್ಕೆ ಇಳಿದಿರುತ್ತದೆ. ಅದು ಸೆಳೆತದ ಮಾತು ಕೇಳುತ್ತದೆ. ಗಾಳಿ ಈಶಾನ್ಯದಿಂದ, ಸೆಳೆತ ಅದಕ್ಕೆ ಎದುರು ಬಂದಾಗ ಒಂದು ಆ ಕಡೆ, ಒಂದು ಈ ಕಡೆ ತಿರುಗಿ ನಡುವಿನ ಅಂತರ ಮಾಯವಾಗುತ್ತದೆ. ಕ್ಯಾಟಮರಾನ್ ಇದ್ದರೆ ಕ್ಯಾಟಮರಾನ್‌ಗಳ ಪಕ್ಕದಲ್ಲೇ ಜಾಗ ನೋಡಿ. ಬೇರೆ ಬಗೆಯ ದೋಣಿಯ ಪಕ್ಕ ನಿಲ್ಲಲೇಬೇಕಾದರೆ ಎರಡೂ ಎದುರುಬದುರು ತಿರುಗಿದಾಗಲೂ ಮೈ ತಾಗದಷ್ಟು ಜಾಗ ಬಿಡಿ. ನಲವತ್ತು ಅಡಿಯ ದೋಣಿ ಅಂದರೆ 12 ಮೀಟರ್; ಆ ಅಳತೆಯಲ್ಲೇ ಕಣ್ಣಂದಾಜು ಮಾಡಬಹುದು.

ಲಂಗರು ಹಾಕುವ ಜಾಗಕ್ಕೆ ಮಧ್ಯಾಹ್ನ ಮೂರು ಗಂಟೆಗೆ ತಲುಪಿ. ಕೊ ಫನಾಕ್, ಕೊ ಹಾಂಗ್ ದ್ವೀಪಗಳ ಕಡೆ ಕಯಾಕ್ ಪ್ರವಾಸದ ದೊಡ್ಡ ದೋಣಿಗಳು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ ಅಲ್ಲಿಂದ ಹೊರಡುತ್ತವೆ, ಯಾಟ್‌ಗಳು ಸಂಜೆ ಬರುತ್ತವೆ. ಆ ನಡುವಿನ ಹೊತ್ತು ನಿಮ್ಮದು. ಏಳರೊಳಗೆ ಕತ್ತಲು. ಜೇಮ್ಸ್ ಬಾಂಡ್ ದ್ವೀಪ ನೋಡಲೇಬೇಕಿದ್ದರೆ ಬೆಳಗಿನ ಜಾವವೇ ಹೋಗಿ. ಫಿ ಫಿ ದ್ವೀಪದಲ್ಲಿ ರಾತ್ರಿ ತಂಗಲು ಹೋಗಬೇಡಿ: ಆಳ ಹೆಚ್ಚು, ಹಗಲಿಡೀ ಫೆರಿಗಳ ಅಲೆ, ರಾತ್ರಿ ದಡದ ಬಾರುಗಳ ಸದ್ದು. ಕೊ ಯಾವ್ ನೊಯ್ ದ್ವೀಪ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಮುಸ್ಲಿಂ ಹಳ್ಳಿಗಳು, ಮೈತುಂಬ ಬಟ್ಟೆ ತೊಟ್ಟು ದಡಕ್ಕಿಳಿಯಿರಿ.

ಲಂಗರು ಹಾಕುವಾಗ ಹೊಸಬರು ಮಾಡುವ ದೊಡ್ಡ ತಪ್ಪು, ಮಲಗಬೇಕಾದ ಜಾಗದಲ್ಲೇ ಲಂಗರು ಇಳಿಸುವುದು. ಅಲ್ಲಿಂದ 40 ಮೀಟರ್ ಹಿಂದೆ ಸರಿದು ಇನ್ನೊಬ್ಬರ ಮಡಿಲಲ್ಲಿ ಕೂರುತ್ತಾರೆ. ಮುಂದಿನ ದೋಣಿಯ ಹಿಂಭಾಗಕ್ಕೆ ಹತ್ತಿರ ಹೋಗಿ ಇಳಿಸಬೇಕು, ಹಿಂದೆ ಸರಿದಾಗ ಸರಿಯಾದ ಅಂತರ ಬರುತ್ತದೆ. ಗಾಳಿಗೆ ಎದುರಾಗಿ ನಿಧಾನಕ್ಕೆ ಹೋಗಿ, ದೋಣಿ ಪೂರ್ತಿ ನಿಂತ ಮೇಲೆ ಲಂಗರು ಬಿಡಿ. ನೆಲ ಮುಟ್ಟಿದ ಮೇಲೆ ಹಿಂದೆ ಸರಿಯುತ್ತಾ ಸರಪಳಿ ಬಿಡಿ. ಒಂದೇ ಸಲ ಸುರಿದರೆ ಲಂಗರಿನ ಮೇಲೆ ಗುಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ. ಆಳದ ಮೂರರಷ್ಟು ಬಿಟ್ಟು ಮೆಲ್ಲಗೆ ರಿವರ್ಸ್ ಕೊಟ್ಟು ಕಚ್ಚಿಸಿ, ಉಳಿದದ್ದು ಬಿಟ್ಟು, ರಿವರ್ಸನ್ನು ಸುಮಾರು 2000 ಆರ್‌ಪಿಎಂ ತನಕ ಏರಿಸಿ ಅರ್ಧ ನಿಮಿಷ ಹಿಡಿಯಿರಿ. ಆಗ ದಡದ ಮೇಲೆ ಒಂದರ ಹಿಂದೊಂದು ಬರುವ ಎರಡು ಗುರುತು ನೋಡುತ್ತಿರಿ, ಒಂದು ಮರ, ಅದರ ಹಿಂದೆ ಬಂಡೆಯ ಬಿಳಿ ಕಲೆ. ಅವು ಒಂದನ್ನೊಂದು ದಾಟಿ ಸರಿಯತೊಡಗಿದರೆ ಲಂಗರು ಹಿಡಿದಿಲ್ಲ, ಎತ್ತಿ ಮತ್ತೆ ಹಾಕಿ. ಒಳಕೊಲ್ಲಿಯ ನೀರು ಹಸಿರು ಮಬ್ಬು. ಮುಳುಗಿ ನೋಡಿದರೂ ಲಂಗರು ಕಾಣುವುದಿಲ್ಲ. ಕ್ಯಾಟಮರಾನ್‌ಗೆ ಎರಡು ಮೂತಿಯಿಂದ ಬರುವ ಕವಲು ಹಗ್ಗವನ್ನು ಸರಪಳಿಗೆ ಸಿಕ್ಕಿಸುವುದು ಕಡ್ಡಾಯ. ಅದಿಲ್ಲದಿದ್ದರೆ ದೋಣಿ ಅತ್ತಿತ್ತ ಓಲಾಡುತ್ತದೆ, ಭಾರವೆಲ್ಲ ವಿಂಡ್ಲಾಸ್ ಮೇಲೆ.

ಇನ್ನು ತಡವಾಗಿ ಬರುವವರು. ಮೊದಲು ಬಂದವರಿಗೆ ಆದ್ಯತೆ, ಆಮೇಲೆ ಬಂದವರು ದೂರ ಇರಬೇಕು ಎಂಬುದು ಎಲ್ಲ ಸಮುದ್ರದಲ್ಲೂ ನಡೆದುಬಂದ ರೂಢಿ. ಅದನ್ನು ಕೂಗಿ ಹೇಳಿದರೆ ಜಗಳವಾಗುತ್ತದೆ. ಅವರು ಹತ್ತಿರ ಬರುತ್ತಿರುವಾಗಲೇ ನಿಮ್ಮ ದೋಣಿಯ ಮೂತಿಗೆ ಹೋಗಿ ನಿಲ್ಲಿ, ನಿಮ್ಮ ಲಂಗರು ಬಿದ್ದಿರುವ ದಿಕ್ಕಿಗೆ ಕೈ ತೋರಿಸಿ. ಅರ್ಧ ಜನ ಅಷ್ಟಕ್ಕೇ ಮುಂದೆ ಹೋಗುತ್ತಾರೆ. ಹಾಕಿಯೇಬಿಟ್ಟರೆ ಡಿಂಗಿಯಲ್ಲಿ ಮೆಲ್ಲಗೆ ಹೋಗಿ, ನಮಸ್ಕಾರ ಹೇಳಿ, ಅಂಕಿಯಿಂದ ಮಾತು ಶುರುಮಾಡಿ: ‘ನಮ್ಮದು 40 ಮೀಟರ್ ಬಿಟ್ಟಿದೆ, ನಿಮ್ಮದೆಷ್ಟು? ರಾತ್ರಿ ಸೆಳೆತ ತಿರುಗುತ್ತದೆ.’ ಹೊಸಬರಲ್ಲಿ ಬಹಳ ಜನ ಹಟಮಾರಿಗಳಲ್ಲ, ಅವರಿಗೆ ಗೊತ್ತಿರುವುದಿಲ್ಲ ಅಷ್ಟೆ. ಸರಪಳಿ ಹೆಚ್ಚು ಬಿಡಲು ಹೇಳುವ ಮುನ್ನ ಅವರ ಹಿಂದೆ ಯಾರಿದ್ದಾರೆ ನೋಡಿ. ಒಪ್ಪದಿದ್ದರೆ ಬೆಳಕಿರುವಾಗಲೇ ನೀವೇ ಜಾಗ ಬದಲಿಸಿ. ಅನ್ಯಾಯ ಅನಿಸುತ್ತದೆ, ನಿಜ. ಆದರೂ ಕತ್ತಲಲ್ಲಿ ಸರಪಳಿ ಎತ್ತುವುದಕ್ಕಿಂತ ಇದು ಮೇಲು.

ನಮ್ಮವರಿಗೆ ಒಂದು ಮಾತು. ಹತ್ತು ಜನರ ಗುಂಪು, ಬ್ಲೂಟೂತ್ ಸ್ಪೀಕರು, ರಾತ್ರಿ ಹನ್ನೊಂದು: ನೀರಿನ ಮೇಲೆ ಸದ್ದು ಬಹಳ ದೂರ ಹೋಗುತ್ತದೆ, ಸುಣ್ಣದ ಕಲ್ಲಿನ ಗೋಡೆಗಳಿಗೆ ಬಡಿದು ಮರಳುತ್ತದೆ. ಜನರೇಟರನ್ನೂ ಮಲಗುವ ಮುನ್ನ ಆರಿಸಿ. ಉದ್ದ ಬಾಲದ ದೋಣಿಯ ಮೀನುಗಾರರನ್ನು ಅಡ್ಡಿ ಅಂದುಕೊಳ್ಳಬೇಡಿ, ಅದು ಅವರ ದುಡಿಮೆಯ ದಾರಿ. ಅವರು ನೀರಿನ ಮಟ್ಟದಲ್ಲಿ ಕೂತಿರುತ್ತಾರೆ, ಕಂಬದ ತುದಿಯ ಲಂಗರು ದೀಪ ಅವರ ಕಣ್ಣಿಗೆ ನಕ್ಷತ್ರದ ಹಾಗೆ. ಆ ದೀಪದ ಜೊತೆಗೆ ಹಿಂಭಾಗದಲ್ಲಿ ತಗ್ಗಿಗೆ ಒಂದು ಸೋಲಾರ್ ದೀಪ ತೂಗುಹಾಕಿ.

ರಾತ್ರಿ ಪಕ್ಕದ ದೋಣಿ ಜಾರಿ ಬಂದರೆ: ಮೊದಲು ನಿಮ್ಮ ಇಂಜಿನ್ ಶುರು, ಆಮೇಲೆ ಆ ಪಕ್ಕಕ್ಕೆ ಡಿಕ್ಕಿಯ ಪೆಟ್ಟು ತಡೆಯುವ ಮೆತ್ತೆಗಳು, ಅಂದರೆ ಫೆಂಡರುಗಳು, ಹಾರ್ನ್ ಐದು ಸಲ ಚುಟುಕಾಗಿ, ಟಾರ್ಚನ್ನು ಅವರ ಕ್ಯಾಬಿನ್ ಕಿಟಕಿಗೆ ಬಿಡಿ. ನಿಮ್ಮ ಹಿಂದೆ ಜಾಗ ಇದ್ದರೆ ಹತ್ತು ಮೀಟರ್ ಸರಪಳಿ ಹೆಚ್ಚಿಗೆ ಬಿಟ್ಟು ಹಿಂದೆ ಸರಿಯಿರಿ. ಕೈಯಿಂದ, ಕಾಲಿನಿಂದ ತಳ್ಳಲು ಹೋಗಲೇಬೇಡಿ. ನಲವತ್ತು ಅಡಿಯ ಕ್ಯಾಟಮರಾನ್ ಅಂದರೆ ಒಂಬತ್ತು ಹತ್ತು ಟನ್.

ಬೆಳಿಗ್ಗೆ ಲಂಗರು ಎತ್ತುವಾಗ ಪಕ್ಕದವರ ಸರಪಳಿ ನಿಮ್ಮ ಲಂಗರಿಗೆ ಸಿಕ್ಕಿಕೊಂಡು ಮೇಲೆ ಬರಬಹುದು. ವಿಂಡ್ಲಾಸ್ ಇದ್ದಕ್ಕಿದ್ದಂತೆ ನರಳಿದರೆ ನಿಲ್ಲಿಸಿ, ತುಸು ತುಸುವೇ ಎತ್ತಿ. ಅವರ ಸರಪಳಿ ಕಂಡೊಡನೆ ಒಂದು ಹಗ್ಗವನ್ನು ಅದರ ಅಡಿಯಿಂದ ತೂರಿಸಿ, ಎರಡೂ ತುದಿ ಮೇಲೆ ತಂದು ದೋಣಿಯ ಗೂಟಕ್ಕೆ ಬಿಗಿಯಿರಿ. ಈಗ ಅವರ ಸರಪಳಿಯ ಭಾರ ಹಗ್ಗದ ಮೇಲಿದೆ. ನಿಮ್ಮ ಲಂಗರನ್ನು ಒಂದು ಮೀಟರ್ ಕೆಳಗೆ ಬಿಟ್ಟರೆ ಅದು ತಾನೇ ಕಳಚುತ್ತದೆ. ನಿಮ್ಮದನ್ನು ಪೂರ್ತಿ ಎತ್ತಿಕೊಂಡು ಆಮೇಲೆ ಹಗ್ಗದ ಒಂದು ತುದಿ ಬಿಡಿ, ಅವರದು ನೀರಿಗೆ ಇಳಿಯುತ್ತದೆ. ಹಾಗೆ ಎತ್ತಿ ಬಿಟ್ಟ ಮೇಲೆ ಅವರ ಲಂಗರು ಸಡಿಲವಾಗಿರಬಹುದು. ಮಲಗಿದ್ದರೆ ಎಬ್ಬಿಸಿ ತಿಳಿಸಿ, ಅವರು ರಿವರ್ಸ್ ಕೊಟ್ಟು ಲಂಗರು ಮತ್ತೆ ಹಿಡಿಯಿತೆಂದು ಕೈ ಎತ್ತುವ ತನಕ ಅಲ್ಲೇ ಪಕ್ಕದಲ್ಲಿ ಕಾಯಿರಿ.