16 ಮತದ ಜಯನಗರ ಮತ್ತು ಯಾರೂ ಕೂರಲು ಬಯಸದ ಅಂಚೆ ಮತದ ಟೇಬಲ್

2023ರ ಮೇ 13ರಂದು ರಾಜ್ಯದ 224 ಕ್ಷೇತ್ರಗಳ ಎಣಿಕೆ ನಡೆದಾಗ ಕೊನೆಯವರೆಗೂ ಎಳೆದಾಡಿಸಿದ್ದು ಬೆಂಗಳೂರಿನ 173ನೇ ಕ್ಷೇತ್ರ ಜಯನಗರ. ರಾತ್ರಿ ಬಹಳ ಹೊತ್ತಾದ ಮೇಲೆ ಬಂದ ಲೆಕ್ಕ ಇದು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 57,781. ಅಂತರ 16. ಮೊದಲು ಮುಂದಿದ್ದವರು ಸೌಮ್ಯಾ. ತಿರಸ್ಕೃತವಾಗಿದ್ದ ಅಂಚೆ ಮತಗಳನ್ನು ಮತ್ತೆ ನೋಡಿದ ಮೇಲೆ ಲೆಕ್ಕ ತಿರುಗಿತು. ಸೌಮ್ಯಾ ಹೈಕೋರ್ಟ್ ಮೆಟ್ಟಿಲೇರಿದರು.

ಜಯನಗರ ಅಂದರೆ ಇಡೀ ಜಯನಗರ ಅಂದುಕೊಳ್ಳಬೇಡಿ. 2008ರ ಪುನರ್ವಿಂಗಡಣೆಯಲ್ಲಿ ‘ಜಯನಗರ’ ಎಂಬ ಹೆಸರಿನ ವಾರ್ಡೇ ಚಿಕ್ಕಪೇಟೆ ಕ್ಷೇತ್ರಕ್ಕೆ ಹೋಯಿತು, ಯಡಿಯೂರು ಪದ್ಮನಾಭನಗರಕ್ಕೆ ಸೇರಿತು. ಉಳಿದದ್ದು ಪಟ್ಟಾಭಿರಾಮನಗರ, ಬೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ. 1989ರಿಂದ ಸತತ ನಾಲ್ಕು ಸಲ ಇಲ್ಲಿ ಗೆದ್ದ ರಾಮಲಿಂಗಾ ರೆಡ್ಡಿ ಆಗ ಬಿಟಿಎಂ ಲೇಔಟಿಗೆ ಹೋದರು, ಬಿಜೆಪಿಯ ಬಿ.ಎನ್. ವಿಜಯಕುಮಾರ್ ಎರಡು ಸಲ ಗೆದ್ದರು. 2018ರಲ್ಲಿ ಮತದಾನಕ್ಕೆ ಕೆಲವೇ ದಿನ ಇರುವಾಗ ವಿಜಯಕುಮಾರ್ ತೀರಿಕೊಂಡರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ಮತದಾನ ಮುಂದೂಡಿ, ಆ ಪಕ್ಷಕ್ಕೆ ಹೊಸಬರನ್ನು ಹೆಸರಿಸಲು 7 ದಿನ ಕೊಡಬೇಕು. ಅದಕ್ಕೇ ಉಳಿದ ಕಡೆ ಮೇ 12ಕ್ಕೆ ಮುಗಿದದ್ದು ಇಲ್ಲಿ ಜೂನ್ 11ಕ್ಕೆ ನಡೆಯಿತು. ಸೌಮ್ಯಾ 2,889 ಮತಗಳಿಂದ ಗೆದ್ದರು.

2023ಕ್ಕೆ ಬರೋಣ. ಕಣದಲ್ಲಿ ಸೌಮ್ಯಾ ರೆಡ್ಡಿಯವರದೇ ಹೆಸರಿನ ಇನ್ನೊಬ್ಬ ಪಕ್ಷೇತರ ಅಭ್ಯರ್ಥಿ ಇದ್ದರು, 320 ಮತ ಬಂತು. ಇವಿಎಂ ಮೇಲೆ ಫೋಟೊ ಇರುತ್ತದೆ, ಪಕ್ಷೇತರರ ಹೆಸರು ಪಕ್ಷದವರ ಕೆಳಗೆ ಬರುತ್ತದೆ, ಆದರೂ ಇಷ್ಟು ಮತ ಬೀಳುತ್ತದೆ. ಅಷ್ಟೂ ತಪ್ಪಿ ಬಿದ್ದದ್ದು ಎಂದು ಯಾರೂ ಸಾಬೀತು ಮಾಡಲಾರರು. ಮನೆಮನೆಗೆ ಹೋಗುವಾಗ ‘ಕ್ರಮಸಂಖ್ಯೆ ಇಷ್ಟು, ಗುರುತು ಇದು’ ಎಂದು ಹೇಳಿಕೊಡುವ ಹಳೆಯ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಈಗ ಅಸಲಿ ವಿಷಯ. ಪಕ್ಷಗಳು ಎಣಿಕೆ ಕೇಂದ್ರಕ್ಕೆ ತಮ್ಮ ಏಜೆಂಟರನ್ನು ಹಂಚುವಾಗ ಚುರುಕಿನವರೆಲ್ಲ ಇವಿಎಂ ಟೇಬಲ್ ಬೇಕು ಅನ್ನುತ್ತಾರೆ. ಸುತ್ತು ಸುತ್ತಿಗೆ ಲೀಡ್ ಗೊತ್ತಾಗುತ್ತದೆ, ಹೊರಗಿನವರಿಗೆ ಸುದ್ದಿ ಕೊಡಬಹುದು. ಅಂಚೆ ಮತದ ಟೇಬಲ್ಲಿಗೆ ಹಿರಿಯರೊಬ್ಬರನ್ನು ಕೂರಿಸಿ ಕೈತೊಳೆದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು. ಇವಿಎಂ ಟೇಬಲ್ಲಿನಲ್ಲಿ ವಾದಕ್ಕೆ ಜಾಗ ಕಮ್ಮಿ: ಬೂತ್ ಏಜೆಂಟ್ ತಂದ 17ಸಿ (ಬೂತಿನಲ್ಲಿ ಬಿದ್ದ ಮತಗಳ ಲೆಕ್ಕದ ಫಾರಂ) ಪ್ರತಿ ಕೈಲಿರಲಿ, ಕಂಟ್ರೋಲ್ ಯೂನಿಟ್ ನಂಬರ್, ಸೀಲ್, ಒಟ್ಟು ಮತ ಅದಕ್ಕೆ ತಾಳೆಯಾದರೆ ಮುಗಿಯಿತು. ಅಂಚೆ ಮತದಲ್ಲಿ ಪ್ರತಿ ಲಕೋಟೆಯೂ ಒಂದು ತೀರ್ಪು.

ದೊಡ್ಡ ಲಕೋಟೆ 13ಸಿ. ಅದರೊಳಗೆ ಎರಡು ವಸ್ತು ಇರಬೇಕು: ಮತದಾರರ ಘೋಷಣೆ 13ಎ, ಮತಪತ್ರವಿರುವ ಸಣ್ಣ ಲಕೋಟೆ 13ಬಿ. ಮೊದಲು ಘೋಷಣೆಯನ್ನೇ ನೋಡುತ್ತಾರೆ. ಅದು ಇಲ್ಲದಿದ್ದರೆ, ಮತದಾರರ ಸಹಿ ಇಲ್ಲದಿದ್ದರೆ, ದೃಢೀಕರಣ ಇಲ್ಲದಿದ್ದರೆ, ಅಥವಾ ಅದರಲ್ಲಿ ಬರೆದ ಮತಪತ್ರದ ನಂಬರ್ 13ಬಿ ಮೇಲಿನ ನಂಬರಿಗೆ ಹೊಂದದಿದ್ದರೆ ಒಳಲಕೋಟೆ ಒಡೆಯುವುದೇ ಇಲ್ಲ. ಒಡೆದ ಮೇಲೂ ಅಪಾಯ ಇದೆ: ಯಾರಿಗೂ ಗುರುತು ಹಾಕಿಲ್ಲ, ಇಬ್ಬರಿಗೆ ಹಾಕಿದೆ, ಯಾರಿಗೆಂದು ಹೇಳಲಾಗದಂತೆ ಗೆರೆಯ ಮೇಲೆ ಹಾಕಿದೆ, ಅಥವಾ ಮತದಾರ ಯಾರೆಂದು ತಿಳಿಯುವ ಗುರುತಿದೆ. ಚುನಾವಣಾ ಕೆಲಸಕ್ಕೆ ಹೋದ ಸರ್ಕಾರಿ ನೌಕರರು ಕಾಗದ ಕಂಡಲ್ಲೆಲ್ಲ ಸಹಿ ಮಾಡುವ ಅಭ್ಯಾಸದಲ್ಲಿ ಮತಪತ್ರದ ಮೇಲೂ ಸಹಿ ಹಾಕಿದರೆ ಆ ಮತ ಹೋಯಿತು. ಗುರುತು ಮಾತ್ರ ಟಿಕ್ಕೇ ಆಗಬೇಕು, ಕ್ರಾಸೇ ಆಗಬೇಕು ಎಂದಿಲ್ಲ. ಇಂಗಿತ ಸ್ಪಷ್ಟವಿದ್ದರೆ ಸಾಕು.

ಹೆಚ್ಚಿನ ಜಗಳ ದೃಢೀಕರಣದ್ದೇ. ಅಧಿಕಾರಿಯ ಸಹಿ ಇದೆ, ಮೊಹರಿಲ್ಲ, ಹುದ್ದೆ ಬರೆದಿಲ್ಲ, ತೆಗೆದುಕೊಳ್ಳಬೇಕೇ ಬಿಡಬೇಕೇ? 2024ರಲ್ಲಿ ಆಂಧ್ರದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಆ ವರ್ಷ ಆಯೋಗ ಕೊಟ್ಟ ಸೂಚನೆಯನ್ನು ಪ್ರಿಂಟ್ ತೆಗೆದು ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು, ಬಾಯಿಮಾತು ಅಲ್ಲಿ ನಡೆಯದು.

2023ರಲ್ಲಿ 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು (ವಯಸ್ಸಿನ ಮಿತಿ ಈಗ 85). 12ಡಿ ಅರ್ಜಿ ಕೊಟ್ಟವರ ಮನೆಗೆ ತಂಡ ಬರುತ್ತದೆ. ಆದರೆ 12ಡಿ ಮಂಜೂರಾದ ಮೇಲೆ ಮತಗಟ್ಟೆಗೆ ಹೋದರೆ ಮತ ಹಾಕಲು ಬಿಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ.

ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ ಆ ಮತಗಳನ್ನೆಲ್ಲ ಫಲಿತಾಂಶ ಘೋಷಿಸುವ ಮೊದಲು ಮತ್ತೆ ಪರಿಶೀಲಿಸಲೇಬೇಕು, ವಿಡಿಯೊ ಆಗಬೇಕು. ಇದು ಯಾರೂ ಅರ್ಜಿ ಕೊಡದಿದ್ದರೂ ಚುನಾವಣಾಧಿಕಾರಿ ಮಾಡಬೇಕಾದ ಕೆಲಸ. ಹಾಗಾಗಿ ಮೊದಲ ಸಲ ತಿರಸ್ಕರಿಸುವಾಗಲೇ ಪ್ರತಿಯೊಂದಕ್ಕೂ ಕಾರಣ ಏನು ಎಂದು ಏಜೆಂಟ್ ಬರೆದಿಟ್ಟಿರಬೇಕು. ‘ಸಹಿ ಇಲ್ಲ 40, ನಂಬರ್ ಹೊಂದಿಲ್ಲ 12’ ಎಂಬಂಥ ಪಟ್ಟಿ ಕೈಲಿದ್ದರೆ ರಾತ್ರಿ ಹನ್ನೊಂದಕ್ಕೆ ಆ ಕಟ್ಟು ಬಿಚ್ಚಿದಾಗ ಯಾವುದು ಬದಲಾಯಿತು ಎಂದು ಹೇಳಬಹುದು. ಇಲ್ಲದವರಿಗೆ ಕೂಗಾಟವೊಂದೇ ಗತಿ.

ಪೂರ್ತಿ ಮರುಎಣಿಕೆ ಬೇಕಿದ್ದರೆ ಚುನಾವಣೆ ನಡೆಸುವ ನಿಯಮಗಳ ಪೈಕಿ ನಿಯಮ 63. ಒಟ್ಟು ಮತ ಓದಿದ ಮೇಲೆ, ಅಂತಿಮ ಫಲಿತಾಂಶದ ಹಾಳೆಯಾದ ಫಾರಂ 20ಕ್ಕೆ ಅಧಿಕಾರಿ ಸಹಿ ಹಾಕುವ ಮುನ್ನ, ಕಾರಣ ಬರೆದು ಅರ್ಜಿ ಕೊಡಬೇಕು. ನಡುವೆ ಸಿಗುವುದು ನಿಮಿಷಗಳ ಲೆಕ್ಕ. ಅರ್ಜಿಯನ್ನು ಬೆಳಿಗ್ಗೆಯೇ ಟೈಪ್ ಮಾಡಿಸಿ, ಅಂಕಿಗಳ ಜಾಗ ಖಾಲಿ ಬಿಟ್ಟು ತಂದಿರಬೇಕು. ‘ಅಂತರ ಕಡಿಮೆ’ ಅನ್ನುವುದಷ್ಟೇ ಕಾರಣವಾಗದು. ಯಾವ ಟೇಬಲ್, ಯಾವ ಸುತ್ತು, ಯಾವ ವ್ಯತ್ಯಾಸ ಎಂದು ಬರೆಯಬೇಕು. ತಿರಸ್ಕರಿಸಿದರೆ ಅಧಿಕಾರಿಯೂ ಕಾರಣ ಬರೆದು ಕೊಡಬೇಕು; ಆ ಪ್ರತಿ ಬಿಡಬೇಡಿ.

ಇವಿಎಂ ಕಡೆಯೂ ಒಂದು ಕಣ್ಣಿರಲಿ. ಮತದಾನದ ದಿನ ಬೆಳಗಿನ ಅಣಕು ಮತದಾನದಲ್ಲಿ ಕನಿಷ್ಠ 50 ಮತ ಒತ್ತುತ್ತಾರೆ. ಅದನ್ನು ಅಳಿಸದೆ ಅಸಲಿ ಮತದಾನ ಶುರುವಾದರೆ ಆ ಯಂತ್ರವನ್ನು ಬದಿಗಿಡುತ್ತಾರೆ. ಕೊನೆಯಲ್ಲಿ ಅಂತರ ಅಂಥ ಬೂತ್‌ಗಳ ಮತಕ್ಕಿಂತ ಹೆಚ್ಚಿಲ್ಲದಿದ್ದರೆ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. 16 ಮತದ ಕ್ಷೇತ್ರದಲ್ಲಿ ಅಂಥ ಒಂದೇ ಬೂತ್ ಸಾಕು.

ಇನ್ನು ಎರಡೂ ಕಡೆ ಸಮ ಆದರೆ ಚೀಟಿ ಎತ್ತುತ್ತಾರೆ, ಗೆದ್ದವರಿಗೆ ಒಂದು ಮತ ಸೇರಿದಂತೆ ಲೆಕ್ಕ. 2004ರಲ್ಲಿ ಸಂತೇಮರಹಳ್ಳಿ ಅಲ್ಲಿಗೆ ಒಂದೇ ಮತ ದೂರದಲ್ಲಿತ್ತು: ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751.

ಕೋರ್ಟಿಗೆ ಹೋಗುವವರಿಗೆ 45 ದಿನದ ಗಡುವು. ತಿರಸ್ಕಾರ ತಪ್ಪು ಎಂದು ತೋರಿಸಿದರೆ ಸಾಲದು, ಅದರಿಂದ ಫಲಿತಾಂಶವೇ ಬದಲಾಯಿತು ಎಂದೂ ತೋರಿಸಬೇಕು. ನಿಮ್ಮ ಹೆಸರಲ್ಲಿ ಬೇರೊಬ್ಬರು ಮತ ಹಾಕಿದ್ದರೆ ಮತಗಟ್ಟೆಯಲ್ಲಿ ಕೊಡುವ ಟೆಂಡರ್ ಮತವೂ ಆಗಲೇ ಕೆಲಸಕ್ಕೆ ಬರುವುದು. ಎಣಿಕೆಯ ದಿನ ಆ ಲಕೋಟೆ ಒಡೆಯುವುದಿಲ್ಲ. ಜೊತೆಗೆ ಎಣಿಕೆಯ ವಿಡಿಯೊ ಪ್ರತಿಗೆ ತಡಮಾಡದೆ ಅರ್ಜಿ ಹಾಕಿ. 248 ಮತಗಳ ಅಂತರದ ಮಾಲೂರು ಪ್ರಕರಣದಲ್ಲಿ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ಆಯ್ಕೆ ರದ್ದುಪಡಿಸಿ ಮರುಎಣಿಕೆಗೆ ಆದೇಶಿಸಿದಾಗ ಮುಖ್ಯವಾಗಿ ಚರ್ಚೆಗೆ ಬಂದದ್ದು ಆ ವಿಡಿಯೊವೇ. ವಿಷಯ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು.